ಹುಳುಮನೆ ಅಕ್ಕ ಕಾದಿದ್ದ ಮೊಡವೆಗಳು

ಹುಳುಮನೆ ಅಕ್ಕನ ಹಣೆಯ ಮೇಲೆ, ಮೂಗಿನ ಎರಡೂ ಬದಿಗೆ, ಗದ್ದದ ತುಂಬ ಕೆಂಪು ಮೊಡವೆಗಳು ಒತ್ತೊತ್ತಾಗಿ ಎದ್ದಿದ್ದವು. ಕೆಲವು ಆಗಲೇ ಕೀವು ತುಂಬಿ ಬೆಳ್ಳಗಾಗಿದ್ದವು. ನಾನು ಕೋಲಾರದ ಕಾಲೇಜು ಕಚೇರಿಗೆ ಹೊರಡುವ ಹೊತ್ತಿಗೆ, ಐವತ್ತೈದು ದಾಟಿದ ಆ ಹೆಂಗಸು ಅಂಥ ಮುಖ ಹೊತ್ತು ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ನೋಡೇ, ಎದ್ದಿದೆ," ಅಂದಳು.

ಕಣ್ಣಲ್ಲಿ ನೀರಿತ್ತು. ಉರಿಗೋ ಸಮಾಧಾನಕ್ಕೋ ನಾನು ಕೇಳಲಿಲ್ಲ. ಹನ್ನೊಂದು ದಿನದಿಂದ ನಾವಿಬ್ಬರೂ ಆ ಮೊಡವೆಗಳಿಗಾಗಿಯೇ ಕಾದಿದ್ದೆವು.

ಸುಗಟೂರಿನಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಲ್ಲಿ ರೇಷ್ಮೆಹುಳು ಸಾಕುವ ಶೆಡ್ಡು ಇದ್ದುದರಿಂದ ಬೀದಿಗೆಲ್ಲ ಅವಳು ಹುಳುಮನೆ ಅಕ್ಕ. ಮನುಷ್ಯರ ಜೊತೆ ಕನ್ನಡ, ಹುಳುಗಳ ಜೊತೆ ತೆಲುಗು. ಸೊಪ್ಪು ಹರಡುತ್ತ "ತಿನಂಡಮ್ಮಾ, ತಿನಂಡಿ" ಎಂದು ಊಟಕ್ಕೆ ಬಂದ ನೆಂಟರನ್ನು ಉಪಚರಿಸಿದ ಹಾಗೆ ಉಪಚರಿಸುತ್ತಿದ್ದಳು. ನನ್ನ ಮೈಯಲ್ಲಿ ಪೌಡರಿನ ವಾಸನೆ ಬಂದರೆ ಹುಳುಗಳಿಗೆ ಆಗದೆಂದು ಶೆಡ್ಡಿನೊಳಗೆ ಬಿಡುತ್ತಿರಲಿಲ್ಲ. ಅವಳ ಕಷ್ಟವನ್ನು ವಿಚಾರಿಸಿದರೆ ಮಾತ್ರ, ಪರವಾಗಿಲ್ಲ ಅಂತ ತೆಲುಗಿನಲ್ಲೇ ಒಂದೇ ಉತ್ತರ, "ಪರ್ವಾಲೇದು." ಮಲದಲ್ಲಿ ರಕ್ತ ಹೋಗುತ್ತಿದ್ದುದನ್ನೂ ಮೂಲವ್ಯಾಧಿ ಎಂದುಕೊಂಡು, ನಾಟಿ ಔಷಧಿ ಕುಡಿಯುತ್ತ, ಎರಡು ವರ್ಷ ಹಾಗೇ ಪರ್ವಾಲೇದು ಎಂದು ತಳ್ಳಿದ್ದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ದೊಡ್ಡ ಕರುಳಿನ ಒಂದು ಭಾಗ ಕತ್ತರಿಸಿ ಕ್ಯಾನ್ಸರ್ ಗಡ್ಡೆ ತೆಗೆದರು. ಅವಳ ಗಂಡ ಆಸ್ಪತ್ರೆಯ ವಾಸನೆಗೇ ತಲೆ ತಿರುಗಿ ಕೂರುವ ಮನುಷ್ಯ. ಹುಳು ನೋಡಿಕೊಳ್ಳಲು ಅವನು ಉಳಿದ, ಅವಳ ಜೊತೆ ನಾನು ಹೊರಟೆ. ಎಲ್ಲ ಮುಗಿಯಿತು ಅಂದುಕೊಂಡಿದ್ದ ಏಳನೇ ತಿಂಗಳಿಗೆ ಸ್ಕ್ಯಾನಿನಲ್ಲಿ ಯಕೃತ್ತಿನ ಮೇಲೆ ಎರಡು ಚುಕ್ಕೆ ಕಂಡವು.

"ಕೀಮೋ ಜೊತೆ ಇನ್ನೊಂದು ಔಷಧಿ ಕೊಡಬಹುದು," ಅಂದರು ಡಾಕ್ಟರಮ್ಮ. "ಬೆಳಿ ಅಂತ ಗಡ್ಡೆಗೆ ಬರೋ ಸೂಚನೇನೇ ಅದು ತಡೆಯುತ್ತೆ. ಆದ್ರೆ ಎಲ್ರಿಗೂ ಕೆಲಸ ಮಾಡಲ್ಲ. ಆಪರೇಷನ್ನಲ್ಲಿ ತೆಗೆದ ಗಡ್ಡೆಯ ಚೂರು ಇಟ್ಟಿದೀವಿ, ಅದರ ಜೀನ್ ಪರೀಕ್ಷೆ ಆಗ್ಬೇಕು. ಅಲ್ಲಿ ಬದಲಾವಣೆ ಇದ್ರೆ ಕೊಟ್ಟೂ ಪ್ರಯೋಜನ ಇಲ್ಲ."

ಎರಡು ವಾರ ಕಾದೆವು. ಕಚೇರಿಯಲ್ಲಿ ಫೋನು ಸದ್ದಾದರೆ ಮಾಡುತ್ತಿದ್ದ ಕೆಲಸ ಬಿಟ್ಟು ಎತ್ತುತ್ತಿದ್ದೆ. ವರದಿ ಬಂದ ದಿನ ಅವಳು ಹಿಪ್ಪುನೇರಳೆ ತೋಟದಲ್ಲಿದ್ದಳು. ಬದಲಾವಣೆ ಇಲ್ಲವಂತೆ ಅಂದೆ.

"ಅಂದ್ರೆ ಒಳ್ಳೇದಾ, ಕೆಟ್ಟದ್ದಾ?"

"ಒಳ್ಳೇದು ಅಕ್ಕ. ಔಷಧಿ ಕೊಡ್ತಾರೆ."

"ಸರಿಯಾಗಿ ಓದಿದೀಯಾ? ಇನ್ನೊಂದ್ಸಲ ಓದು."

ಓದಿದೆ. ನನಗೂ ಅನುಮಾನವೇ ಇದ್ದುದರಿಂದ ಮೂರನೇ ಸಲವೂ ಓದಿದೆ.

ಹದಿನೈದು ದಿನಕ್ಕೊಮ್ಮೆ ಡ್ರಿಪ್ಪು. ಮುಖದ ಮೇಲೆ ಗುಳ್ಳೆ ಏಳಬಹುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. "ಎದ್ದವರಲ್ಲಿ ಔಷಧಿ ಚೆನ್ನಾಗಿ ಹತ್ತೋದನ್ನ ನೋಡಿದೀವಿ. ಆದ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ." ನಮ್ಮಿಬ್ಬರ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ.

ಮೊದಲ ಡ್ರಿಪ್ಪಿನ ಹನ್ನೊಂದನೇ ದಿನ ಎದ್ದ ಮೊಡವೆ ನೋಡಿ, ಅಮ್ಮ ಬಂದಿದೆ ಎಂದುಕೊಂಡು ಬೀದಿಯವರಾರೋ ಅವಳ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಹೋದರು. ತೆಗೆಯಲು ಹೋದರೆ, "ಇರ್ಲಿ ಬಿಡೇ, ಸೊಪ್ಪು ತಾನೇ," ಅಂದಳು. ಎರಡನೇ ತಿಂಗಳಿಗೆ ಬೆರಳ ತುದಿಗಳು ಸೀಳಿದವು. ಮುಲಾಮು ಹಚ್ಚಿದ ಕೈಯಲ್ಲಿ ಹುಳು ಮುಟ್ಟುವಂತಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಗಂಡನಿಗೆ ಹೇಳಿಕೊಡುತ್ತ ಕೂರುತ್ತಿದ್ದಳು. ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಚುಕ್ಕೆಗಳು ಅರ್ಧಕ್ಕಿಳಿದಿದ್ದವು. ಇಬ್ಬರಿಗೂ ಸಂತೋಷಪಡಲೂ ಹೆದರಿಕೆ.

ಐದನೇ ತಿಂಗಳು ಮೊಡವೆ ಕಡಿಮೆಯಾಗತೊಡಗಿತು. ಔಷಧಿ ಹತ್ತುವುದು ನಿಂತುಹೋಯಿತೆಂದು ಅವಳಿಗೆ ದಿಗಿಲು. ಯಾರಿಗೂ ಹೇಳದೆ ಮುಲಾಮು ಬಿಟ್ಟಳು, ಗುಳ್ಳೆಗೆಂದು ಕೊಟ್ಟ ಮಾತ್ರೆ ಬಿಟ್ಟಳು, ಬಿಸಿಲಲ್ಲಿ ನಿಂತಳು. ಮುಖವೆಲ್ಲ ಬಾತು ಕೀವು ಸೋರಿತು. "ಮುಖ ನೋಡಿ ಕಾಯಿಲೆ ಅಳೀಬೇಡಿ ಅಮ್ಮಾ, ಅದಕ್ಕೆ ಸ್ಕ್ಯಾನ್ ಇದೆ," ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು.

ಕೀವು ಒಣಗುವವರೆಗೆ ನಿಲ್ಲಿಸಿದ್ದ ಡ್ರಿಪ್ಪು ಮತ್ತೆ ಶುರುವಾಯಿತು. ಆ ದಿನ ನಾನು ಶೌಚಾಲಯಕ್ಕೆ ಹೋಗಿ ಬಂದು ಪಕ್ಕದಲ್ಲಿ ಕೂತೆ.

"ಎಷ್ಟ್ ದಿನದಿಂದ?" ಅಂದಳು.

"ಏನು?"

"ನನ್ನ ಹತ್ರ ಮುಚ್ಚಿಡ್ಬೇಡ ಕಣೇ. ಬಂದಾಗೆಲ್ಲ ಒಳಗೋಗಿ ಅಷ್ಟೊತ್ತು ಇದ್ದು, ಮುಖ ಬಿಳಿಚ್ಕೊಂಡು ಬರ್ತೀಯ. ರಕ್ತ ಹೋಗ್ತಾ ಇದ್ಯಾ?"

ನನ್ನ ಗಂಡನಿಗೂ ಹೇಳಿರಲಿಲ್ಲ. ನಾಲ್ಕು ತಿಂಗಳಾಗಿತ್ತು. ಅವಳ ವರದಿಗಳನ್ನು ಓದುತ್ತ ಓದುತ್ತ, ನನ್ನದೂ ಅದೇ ಆಗಿದ್ದರೆ ಎನ್ನುವ ಭಯಕ್ಕೇ ಸುಮ್ಮನಿದ್ದೆ.

"ಮೂಲವ್ಯಾಧಿ ಇರ್ಬೇಕು ಅಕ್ಕ."

"ನಾನೂ ಅದನ್ನೇ ಅಂದಿದ್ದೆ."

ಸೂಜಿ ಚುಚ್ಚಿದ ಕೈ ಹಾಗೇ ಇಟ್ಟು, ಇನ್ನೊಂದು ಕೈ ಎತ್ತಿ ನರ್ಸನ್ನು ಕರೆದಳು. "ಡಾಕ್ಟ್ರಿಗೆ ಸ್ವಲ್ಪ ಬರೋಕೆ ಹೇಳಮ್ಮ. ನಂಗಲ್ಲ, ಇವ್ಳಿಗೆ."

ನನ್ನ ಪರೀಕ್ಷೆಯ ದಿನ ಅವಳಿಗೆ ಡ್ರಿಪ್ಪು ಇರಲಿಲ್ಲ. ಆದರೂ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ಬಸ್ಸು ಹತ್ತಿದಳು. ಕರುಳಿಗೆ ಕೊಳವೆ ಬಿಟ್ಟು ನೋಡಿದಾಗ ಒಂದು ದೊಡ್ಡ ಗಂಟು ಸಿಕ್ಕಿತು; ಅಲ್ಲೇ ಕತ್ತರಿಸಿ ತೆಗೆದರು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗಬಹುದಿತ್ತು ಅಂದರು. ಬೆಂಚಿನ ಮೇಲೆ ಕೂತು ನಾನು ಅತ್ತೆ. ಅವಳು ಸೀಳಿದ ಬೆರಳಿನ ಪಟ್ಟಿಯನ್ನು ಸುತ್ತುತ್ತ, ನನ್ನ ಅಳು ನಿಲ್ಲುವವರೆಗೂ ಕಾದು, "ಒಡಹುಟ್ಟಿದೋರೂ ನೋಡಿಸ್ಕೋಬೇಕಂತೆ. ನಂಗಲಿ ಊರಲ್ಲಿರೋ ನಿನ್ ತಂಗಿಗೆ ಹೇಳು," ಅಂದಳು.

ಹೇಳುತ್ತೇನೆ ಅಂದೆ. ಹೇಳಲಿಲ್ಲ. ತಂಗಿಯನ್ನೇಕೆ ಹೆದರಿಸುವುದು ಎಂದು ದಿನ ತಳ್ಳಿದೆ.

ಹದಿನಾಲ್ಕು ತಿಂಗಳು ಆ ಔಷಧಿ ಅಕ್ಕನನ್ನು ಹಿಡಿದಿಟ್ಟಿತು. ಆಮೇಲೆ ಚುಕ್ಕೆಗಳು ಮತ್ತೆ ದೊಡ್ಡದಾದವು, ಔಷಧಿ ನಿಲ್ಲಿಸಿದರು. ನಿಲ್ಲಿಸಿದ ತಿಂಗಳೊಳಗೆ ಅವಳ ಮುಖ ನುಣ್ಣಗಾಯಿತು. ಬೀದಿಯವರು "ಕಳೆ ಬಂದಿದೆ, ಗುಣ ಆಯ್ತಲ್ಲ" ಅನ್ನುತ್ತಿದ್ದರೆ ಅವಳು ನಕ್ಕು ತಲೆಯಾಡಿಸುತ್ತಿದ್ದಳು. ನಾನು ಅಲ್ಲಿ ನಿಲ್ಲಲಾರದೆ ಒಳಗೆ ಹೋಗುತ್ತಿದ್ದೆ.

ಕೊನೆಯ ವಾರ ಹೊಟ್ಟೆ ಉಬ್ಬಿ ಮಾತು ಕಮ್ಮಿಯಾಗಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸಲು ಹೋದಾಗ ಕಣ್ಣು ಬಿಟ್ಟು, "ತಂಗಿಗೆ ಹೇಳ್ದಾ?" ಅಂದಳು. "ಹೇಳ್ದೆ ಅಕ್ಕ," ಅಂದೆ. ಅದು ಸುಳ್ಳೆಂದು ಅವಳಿಗೆ ಗೊತ್ತಾಯಿತೋ ಇಲ್ಲವೋ ಇವತ್ತಿಗೂ ತಿಳಿಯದು. ಮಾರನೇ ದಿನ ಹೋಗಿಬಿಟ್ಟಳು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮರುದಿನವೇ ನಂಗಲಿಗೆ ಹೋದೆ. ಹೆದ್ದಾರಿಯ ಪಕ್ಕ ಲಾರಿಯವರಿಗೆ ಟೀ ಕಾಯಿಸುತ್ತಿದ್ದ ತಂಗಿ, ನಾನು ಹೇಳಿದ್ದನ್ನೆಲ್ಲ ಕೇಳಿ, "ನಂಗೆ ನೋವೇ ಇಲ್ವಲ್ಲಕ್ಕ. ಆಮೇಲೆ ನೋಡೋಣ, ಈಗ ಅಂಗಡಿ ಬಿಟ್ಟು ಹೆಂಗ್ ಬರ್ಲಿ?" ಅಂದಳು.

ನಾನು ವಾದ ಮಾಡಲಿಲ್ಲ. ಅವಳ ಅಂಗಡಿಯ ಬೆಂಚಿನ ಮೇಲೆ ಕೂತೆ. ಕೋಲಾರದ ಎರಡು ಬಸ್ಸು ಹೋದವು. ಮೂರನೆಯದು ಬರುವ ಹೊತ್ತಿಗೆ ಅವಳು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಬಂದು, "ಸೋಮವಾರ ಬರ್ತೀನಿ, ಎದ್ದೇಳು," ಅಂದಳು. ಆಗ ಎದ್ದೆ.