ಆ ಏಟಿನಿಂದ ಅಲ್ಲ

ನನ್ನ ಅಕ್ಕನ ಮಗ ಸಿದ್ದುವಿನ ಬಾಯಿಗೆ ಮೊದಲ ಸಲ ಭಂಗಿ ಸೊಪ್ಪಿನ ಚಿಲುಮೆ ಹಿಡಿದವನು ನಾನು. ಆಗ ಅವನು ಎಂಟನೆಯ ತರಗತಿಯಲ್ಲಿದ್ದ. ಮುಂದೆ ಅವನಿಗೆ ತಲೆ ಕೆಟ್ಟಿತೆಂದು ಜನ ಆಡಿಕೊಂಡಾಗ, ಡಾಕ್ಟರು ಎದುರಿಗೆ ಕೂತು ಕೇಳಿದಾಗ, ಅವನ ಅಪ್ಪ ತನ್ನ ಕೈಯಿಂದಲೇ ಹೀಗಾಯಿತೆಂದು ಕೊರಗಿ ಸೊರಗಿದಾಗ — ಆಗೆಲ್ಲ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ. ಚಿಲುಮೆ ಕೊಟ್ಟದ್ದು ತಿಳಿಯದೆ ಮಾಡಿದ್ದು ಎನ್ನಬಹುದೇನೋ. ಬಾಯಿ ಮುಚ್ಚಿಕೊಂಡದ್ದು ತಿಳಿದೇ ಮಾಡಿದ್ದು.

ನಾನು ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯವನು. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದೆ, ಈಗ ನಿವೃತ್ತ. ಅಕ್ಕ ಕಸ್ತೂರಿಯನ್ನು ಇಂಡಿ ತಾಲ್ಲೂಕಿನ ಝಳಕಿಗೆ ಕೊಟ್ಟಿದೆ. ಭಾವ ಶಿವಪ್ಪನವರದು ಅಲ್ಲಿ ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ. ಲಾರಿಗಳ ಗದ್ದಲದಲ್ಲಿ ಹುಡುಗ ಓದುವುದಿಲ್ಲ, ಮಾಸ್ತರನ ಮನೆಯಲ್ಲಿ ಇರಲಿ ಎಂದು ಅಕ್ಕ ಅವನನ್ನು ತಂದು ನನ್ನಲ್ಲಿ ಬಿಟ್ಟಳು. ನಂಬಿ ಬಿಟ್ಟಳು.

ಓದಿದ್ದಕ್ಕಿಂತ ಅವನು ಹಾಡಿದ್ದೇ ಹೆಚ್ಚು. ನಮ್ಮದೊಂದು ಭಜನಾ ಮೇಳವಿತ್ತು. ಹಾರ್ಮೋನಿಯಂ ಪೇಟಿ ನನ್ನದು, ಮುಂದಿನ ದನಿ ಸಿದ್ದುವಿನದು. ಅವನು ಮೇಲಿನ ಸ್ವರ ಹಿಡಿದರೆ ಎದುರು ಮೇಳದವರು ತಾಳ ಬಿಟ್ಟು ಕೇಳುತ್ತಿದ್ದರು. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯಿಂದಲೂ ನಮಗೆ ಕರೆ ಬರುತ್ತಿತ್ತು. ಕರೆ ಬರುತ್ತಿದ್ದದ್ದು ಅವನ ದನಿಗೆ, ಹಾರ ಬೀಳುತ್ತಿದ್ದದ್ದು ನನ್ನ ಕೊರಳಿಗೆ. ಇದನ್ನೂ ಹೇಳಿಬಿಡಬೇಕು — ಆ ಹಾರದ ರುಚಿ ನನಗೆ ಹತ್ತಿತ್ತು.

ಆಮೇಲೆ ಅವನ ದನಿ ಒಡೆಯಿತು. ಆ ವಯಸ್ಸಿನ ಹುಡುಗರಿಗೆಲ್ಲ ಆಗುವುದೇ. ಆದರೆ ಬರುವ ಅಮಾವಾಸ್ಯೆಗೆ ಇಂಡಿಯ ಮೇಳದೊಡನೆ ಸವಾಲು-ಜವಾಬಿನ ಭಜನೆ ಗೊತ್ತಾಗಿತ್ತು. ಊರಾಚೆ ಹೊಲದಲ್ಲಿರುವ ಶರಣರೊಬ್ಬರ ಸಮಾಧಿ ಗದ್ದುಗೆಯ ಮುಂದೆ ಮಧ್ಯಾಹ್ನ ತಾಲೀಮಿಗೆ ಕೂತಿದ್ದೆವು. ಸಿದ್ದು ಸ್ವರ ಏರಿಸಿದ, ಅದು ನಡುವೆಯೇ ಹರಿದುಹೋಯಿತು.

“ಏನೋ ಸಿದ್ದೂ, ಹುಂಜ ನುಂಗಿ ಬಂದೀಯೇನು?” ತಾಳ ಹಾಕುವ ಯಮನಪ್ಪ ನಕ್ಕ.

“ನೀ ತಾಳ ತಪ್ಪಿದಾಗ ನಾ ಏನರೆ ಅಂದೇನೇನು, ಕಾಕಾ?” ಹುಡುಗನ ಮುಖ ಕೆಂಪಾಗಿತ್ತು.

ಮೇಳದ ಹಿರಿಯ ಗುರುಲಿಂಗ ಮುತ್ಯಾ ಚಿಲುಮೆ ತುಂಬುತ್ತಿದ್ದ. ನಮ್ಮಲ್ಲಿ ಅದನ್ನು ನಶೆ ಎಂದು ಯಾರೂ ಕರೆಯುತ್ತಿರಲಿಲ್ಲ. ಗದ್ದುಗೆಗೆ ತೋರಿಸಿ ಆಮೇಲೆ ದುಂಡಗೆ ಕೂತವರ ಕೈಯಿಂದ ಕೈಗೆ ಹೋಗುತ್ತಿತ್ತು. ಪ್ರಸಾದ ಎನ್ನುತ್ತಿದ್ದೆವು. ಒಡೆದ ದನಿಯನ್ನು ಆ ಹೊಗೆ ಕೂಡಿಸುತ್ತದೆ ಎಂಬ ನಂಬಿಕೆಯೂ ಹಾಡುವವರಲ್ಲಿ ಇತ್ತು.

“ಮಾಸ್ತರ, ಅಳಿಯಗ ಒಂದ ದಮ್ಮ ಕೊಡ್ರಿ,” ಎಂದ ಮುತ್ಯಾ. “ಹೊಗಿ ಹೋದ್ರ ಗಂಟ್ಲ ಮಾಗತೈತಿ. ನಂದೂ ಹಿಂಗ ಕೂಡಿತ್ತು.”

ಸಿದ್ದು ನನ್ನ ಮುಖ ನೋಡಿದ. ನಾನು ಬೇಡ ಎನ್ನುತ್ತೇನೆಂದು ಕಾಯುತ್ತಿದ್ದ — ಹೌದು, ಕಾಯುತ್ತಿದ್ದ, ಇದರಲ್ಲಿ ನನಗೆ ಸಂಶಯವಿಲ್ಲ. ಶಾಲೆಯಲ್ಲಿ ಬೀಡಿ ಸೇದಿದ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದ ಮಾಸ್ತರ ನಾನು.

“ಗದ್ದಿಗಿ ಪ್ರಸಾದ ಐತಿ, ತಗೋ,” ಎಂದೆ.

ಚಿಲುಮೆಯ ಬುಡಕ್ಕೆ ಹಸಿ ಬಟ್ಟೆ ಸುತ್ತಿ, ಬೆರಳು ಹೇಗೆ ಕೂಡಿಸಬೇಕೆಂದು ನಾನೇ ತೋರಿಸಿಕೊಟ್ಟೆ. ಅವನು ಕೆಮ್ಮಿದ, ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಮಾವಾಸ್ಯೆಯಂದು ಅವನ ದನಿ ಒಡೆಯದೆ ನಿಂತಿತು. ಅದು ಹೇಗೂ ನಿಲ್ಲುತ್ತಿತ್ತೋ ಏನೋ. ನಾವು ಮಾತ್ರ ಹೊಗೆಯಿಂದ ಎಂದುಕೊಂಡೆವು. ಅಲ್ಲಿಂದ ಮುಂದೆ ಪ್ರತಿ ತಾಲೀಮಿನಲ್ಲೂ ಚಿಲುಮೆ ಅವನ ಕೈಗೂ ಬರುತ್ತಿತ್ತು. ಹೈಸ್ಕೂಲು ಮುಗಿದು ಸಿಂದಗಿಯಲ್ಲಿ ಕಾಲೇಜು ಸೇರುವ ಹೊತ್ತಿಗೆ ಅದಿಲ್ಲದೆ ಅವನು ಹಾಡಲು ಕೂರುತ್ತಲೇ ಇರಲಿಲ್ಲ.

ಒಂದು ದಿನ ಹಾಡುವುದನ್ನೇ ನಿಲ್ಲಿಸಿದ. ಯಾಕೆಂದು ಕೇಳಿದೆ.

“ಮಾಮಾ, ನಾ ಬಾಯಿ ತೆರಿಯೂದ್ರಾಗ ಆ ಇಂಡಿ ಮೇಳದವ್ರಿಗೆ ನನ್ನ ಹಾಡ ಗೊತ್ತಾಗತೈತಿ. ತಲ್ಯಾಗಿಂದ ಕದೀತಾರ.”

ಚೇಷ್ಟೆ ಮಾಡುತ್ತಿದ್ದಾನೆಂದು ಬೆನ್ನಿಗೆ ಗುದ್ದಿದೆ. ಅವನು ನಗಲಿಲ್ಲ.

ಕಾಲೇಜು ಬಿಟ್ಟು ಝಳಕಿಗೆ ಹೋದ. ಅಲ್ಲಿ ಅನ್ನದಲ್ಲಿ ವಿಷ ಬೆರೆಸಿದ್ದಾರೆ ಎಂದು ತಾಯಿಯನ್ನು ತಳ್ಳಿ ಬೀಳಿಸಿದ. ಭಾವ ಕಿವಿಯ ಮೇಲೆ ಒಂದು ಏಟು ಹಾಕಿದರು. ಒಂದೇ. ಮಾರನೆಯ ದಿನ ಸಿದ್ದು ಮನೆ ಬಿಟ್ಟು ಹೋದ. ಹೆದ್ದಾರಿಯಲ್ಲಿ ತನ್ನಷ್ಟಕ್ಕೆ ಮಾತಾಡುತ್ತ ನಡೆಯುತ್ತಿದ್ದವನನ್ನು ಲಾರಿಯವರೊಬ್ಬರು ಗುರುತು ಹಿಡಿದು ಕರೆತಂದರು. ಅಕ್ಕನಿಗೆ ಕಂಡದ್ದು ಅಷ್ಟೇ — ಮೊದಲು ಏಟು, ಆಮೇಲೆ ಹುಚ್ಚು. “ಆ ಏಟಿಗೇ ನನ್ನ ಮಗನ ತಲಿ ಕೆಟ್ತು,” ಎಂದಳು. ಇವತ್ತಿಗೂ ಹಾಗೇ ಅನ್ನುತ್ತಾಳೆ. ಹಾಡು ಕದಿಯುವವರ ಮಾತು ಏಟಿಗಿಂತ ಎಷ್ಟೋ ಮುಂಚಿನದು. ಅದು ಗೊತ್ತಿದ್ದವನು ನಾನೊಬ್ಬ.

ವಿಜಯಪುರದ ಮನೋವೈದ್ಯರ ಬಳಿ ಹೋದೆವು. ಮಾಸ್ತರ ಎಂದು ಎಲ್ಲರ ಪರವಾಗಿ ಮಾತಾಡಿದವನು ನಾನು. ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ ಎಂದರು. ಸಣ್ಣವನಿದ್ದಾಗ ಏನಾದರೂ ನಶೆ ಮಾಡುತ್ತಿದ್ದನೇ ಎಂದು ಕೇಳಿದರು.

“ಇಲ್ರಿ ಸರ. ನಮ್ಮದು ಭಜನಿ ಮಾಡೂ ಮನಿತನ. ಅವ ಬೀಡಿ ಸೈತ ಮುಟ್ಟಿಲ್ರಿ.”

ಸಿದ್ದು ಪಕ್ಕದಲ್ಲೇ ಕೂತಿದ್ದ. ಒಮ್ಮೆ ನನ್ನ ಕಡೆ ತಿರುಗಿದ, ಮತ್ತೆ ಗೋಡೆ ನೋಡತೊಡಗಿದ.

“ಸಾಹೇಬ್ರ, ನಾ ಒಂದ ಹೊಡದಿದ್ದೆ,” ಎಂದರು ಭಾವ. “ಅದಕ್ಕ ಆಗಿರಬಹುದೇನ್ರಿ?”

ಹೊಡೆತದಿಂದ ಈ ಕಾಯಿಲೆ ಬರುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು. ಸಮಾಧಾನಕ್ಕೆ ಹಾಗೆ ಅಂದಿದ್ದಾರೆ ಎಂದುಕೊಂಡರು ಭಾವ. ಅವರಿಗೆ ಬೇರೆ ಕಾರಣವೇ ಕಾಣುತ್ತಿರಲಿಲ್ಲ. ನನ್ನ ಬಾಯಲ್ಲಿ ಒಂದಿತ್ತು.

ಇಲ್ಲಿಗೆ ಮುಗಿದಿದ್ದರೆ ಬೇರೆ ಮಾತಾಗುತ್ತಿತ್ತು. ಮಾತ್ರೆಗಳಿಂದ ಸಿದ್ದು ಸುಧಾರಿಸಿದ. ಕೆಲವು ತಿಂಗಳ ಮೇಲೆ ಕನ್ನೊಳ್ಳಿಗೆ ಬಂದ. ಗುನುಗತೊಡಗಿದ್ದ ಕೂಡ. ಮೇಳದಲ್ಲಿ ತನ್ನ ಹಳೆಯ ಜಾಗದಲ್ಲಿ ಕೂತ. ಚಿಲುಮೆ ದುಂಡಗೆ ಬರುತ್ತಿತ್ತು — ಯಮನಪ್ಪನ ಕೈಯಿಂದ ಅವನ ಕೈಗೆ. ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಂಡರೆ ಯಾಕೆಂದು ಹೇಳಬೇಕಾಗುತ್ತಿತ್ತು, ಡಾಕ್ಟರ ಮುಂದೆ ಆಡಿದ ಸುಳ್ಳು ಹೊರಬೀಳುತ್ತಿತ್ತು... ನಾನು ತಲೆ ತಗ್ಗಿಸಿ ಪೇಟಿಯ ಗಾಳಿ ಒತ್ತುತ್ತ ಕೂತೆ. ಆ ದಿನವೂ, ಮುಂದಿನ ಅಮಾವಾಸ್ಯೆಯೂ, ಅದರ ಮುಂದಿನದೂ. ಎರಡನೆಯ ಸಲ ಕಾಯಿಲೆ ತಿರುಗಿ ಬಂದಾಗ ಸಿದ್ದು ತನ್ನೊಳಗೇ ಪೂರ್ತಿ ಕಳೆದುಹೋದ. ಮಾತ್ರೆ ಅವನನ್ನು ಶಾಂತವಾಗಿ ಇಟ್ಟಿದೆ, ತಿರುಗಿ ಕೊಟ್ಟಿಲ್ಲ.

ನಿವೃತ್ತನಾದ ಮೇಲೆ ಒಬ್ಬನೇ ಅದೇ ಡಾಕ್ಟರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

“ಅದೊಂದರಿಂದಲೇ ಬಂತು ಅಂತ ನಾ ಹೇಳಲಾರೆ, ಮಾಸ್ತರ್ರ. ಸೇದಿದವರಿಗೆಲ್ಲ ಬರೂದಿಲ್ಲ. ಕೆಲವ್ರಿಗೆ ಹುಟ್ಟಿನಿಂದಲೇ ಒಳಗ ಒಂದು ದುರ್ಬಲತೆ ಇರ್ತದ. ಆ ವಯಸ್ಸಿನಾಗ ಮಿದುಳು ಇನ್ನೂ ತನ್ನನ್ನ ತಾ ಕಟ್ಟಿಕೊಳ್ತಿರ್ತದ. ಅಂಥಾದ್ರಾಗ ಭಂಗಿ ಹೋದ್ರ ಅಪಾಯ ಹೆಚ್ಚು.”

“ಅವತ್ತ ನಾ ಹೇಳಿದ್ರ ಏನ್ ಮಾಡ್ತಿದ್ರಿ?”

“ಬಿಡಸ್ತಿದ್ವಿ,” ಎಂದರು.

ಮೊದಲಿನ ಮಾತಿನಲ್ಲಿ ನನಗೊಂದು ಸಂಶಯದ ಲಾಭವಿತ್ತು. ಈ ಒಂದು ಪದದಲ್ಲಿ ಇರಲಿಲ್ಲ.

ಸಿದ್ದುವಿಗೆ ಈಗ ಮೂವತ್ತು ದಾಟಿದೆ. ಅಂಗಡಿಯ ಹಿಂದೆ ಹಳೆಯ ಟೈರಿನ ಮೇಲೆ ಕೂತಿರುತ್ತಾನೆ. ಎಲ್ಲಿಂದಾದರೂ ಹಾಡು ತೇಲಿ ಬಂದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಒಮ್ಮೊಮ್ಮೆ ಸಿಟ್ಟಿಗೆದ್ದು ಅಪ್ಪನನ್ನು ನೂಕುತ್ತಾನೆ. ಭಾವ ತಡೆಯಲೂ ಕೈ ಎತ್ತುವುದಿಲ್ಲ. ಅಕ್ಕ ಗಂಡನ ಮುಂದೆ ಊಟದ ತಾಟು ಇಟ್ಟು ಎದ್ದು ಹೋಗುತ್ತಾಳೆ. ಇಬ್ಬರ ನಡುವೆ ಮಾತು ಉಳಿದಿಲ್ಲ.

ಹೋದ ತಿಂಗಳು ಭಾವನಿಗೆ ಹೇಳಿದೆ. ಅವರು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದರು. ಗದ್ದುಗೆ, ಚಿಲುಮೆ, ಡಾಕ್ಟರ ಮುಂದಿನ ಸುಳ್ಳು — ಯಾವುದನ್ನೂ ಬಿಡಲಿಲ್ಲ. ಅವರು ಟ್ಯೂಬನ್ನು ತಿರುವುತ್ತಲೇ ಇದ್ದರು.

“ಈಗ ಹೇಳಿದಿ,” ಎಂದರು ಕೊನೆಗೆ. “ಈಗ ಇದನ್ನ ನಾ ಏನ್ ಮಾಡ್ಲೋ?”

“ಬೈರಿ ಭಾವ. ಹೊಡೀರಿ ನನಗ.”

“ಇನ್ನೊಬ್ಬಗೂ ಹೊಡಿಯಾಕ ಹೇಳ್ತೀಯೇನು?”

ಅವರು ಒದ್ದೆ ಕೈ ಒರೆಸಿಕೊಂಡರು.

“ಕಸ್ತೂರಿಗೆ ಹೇಳಬ್ಯಾಡ. ತವರಮನಿ ಅಂತ ಅಕಿಗೆ ನೀ ಒಬ್ಬಾವ ಉಳದಿ. ನನ್ನ ಮ್ಯಾಲ ಸಿಟ್ಟ ಇಟ್ಕೊಂಡ ಬದುಕೂದು ಅಕಿಗೆ ರೂಢಿ ಆಗೈತಿ. ಅದೂ ಹೋದ್ರ ಅಕಿ ಕಡೆ ಏನ ಉಳೀತೈತಿ?”

ಆ ಮಾತಿನ ಮರೆಯಲ್ಲಿ ಇನ್ನೊಮ್ಮೆ ಅಡಗಿಕೊಳ್ಳುವುದು ನನಗೆ ಎಷ್ಟು ಸುಲಭ. ಭಾವನೇ ಬೇಡ ಅಂದರು, ನಾನೇನು ಮಾಡಲಿ — ಎಂದುಕೊಂಡು ಒಂದು ತಿಂಗಳು ಕಳೆದಿದ್ದೇನೆ. ಆದರೆ ಅವರು ತಮ್ಮದಲ್ಲದ ತಪ್ಪನ್ನು ಹೊತ್ತು ಆ ತಾಟಿನ ಮುಂದೆ ಒಬ್ಬರೇ ಕೂರುತ್ತಿರುವುದು ನನಗಾಗಿ. ಹೇಳಿದರೆ ಸಿದ್ದು ಸುಧಾರಿಸುವುದಿಲ್ಲ. ಗಂಡ ಹೆಂಡತಿ ಮತ್ತೆ ಮಾತಾಡುತ್ತಾರೆ ಎಂಬ ಭರವಸೆಯೂ ನನಗಿಲ್ಲ, ಅಷ್ಟು ವರ್ಷಗಳಾಗಿವೆ. ಅಕ್ಕನಿಗೆ ತಮ್ಮನೂ ಇಲ್ಲದಂತಾಗುತ್ತದೆ, ಅಷ್ಟೇ.

ಆದರೂ ಈ ವಾರ ಝಳಕಿಗೆ ಹೋಗುತ್ತೇನೆ. ಅವಳು ಅಳುವುದಿಲ್ಲ, ನನಗೆ ಗೊತ್ತು. ಒಂದೇ ಮಾತು ಕೇಳುತ್ತಾಳೆ — ಇಷ್ಟು ವರ್ಷ ನಮ್ಮ ಮನಿಗೆ ಬಂದು ಹೆಂಗ ಉಂಡಿ, ತಮ್ಮಾ?

ಉತ್ತರವಿಲ್ಲದೆಯೇ ಅವಳ ಮುಂದೆ ನಿಲ್ಲಬೇಕು.