ಕುರಿ ಮಲಗಿದ ಜಾಗದ ಹುಲ್ಲು

ನನಗೆ ಒಂದು ವಿಷಯ ತಲೆ ಹೊಕ್ಕರೆ ಊಟ ಸೇರುವುದಿಲ್ಲ. ಆ ವರ್ಷ ಹೊಕ್ಕಿದ್ದು ಪಾವಗಡದ ಹುಲ್ಲು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಕಡೆ ಒಂದೊಂದು ತಾಕು ನೆಲಕ್ಕೆ ಬೇಲಿ ಹಾಕಿ, ದನಕುರಿ ಮೇಯದಂತೆ ಕಾದು, ಹುಲ್ಲು ತಾನಾಗಿ ಎಷ್ಟು ಬೆಳೆಯುತ್ತದೆಂದು ನಮ್ಮ ಸಂಸ್ಥೆ ಅಳೆಯುತ್ತಿತ್ತು. ಒಬ್ಬೊಬ್ಬರು ಒಂದೊಂದು ತರಹ ಬರೆದು ಕಳಿಸುತ್ತಿದ್ದರು. ಹುಲ್ಲಿನ ಎತ್ತರ ಇರುತ್ತಿತ್ತು. ಯಾವಾಗ ಅಳೆದರು, ಹೇಗೆ ಅಳೆದರು, ಆ ತಾಕಿನಲ್ಲಿ ಏನೇನು ನಡೆದಿತ್ತು, ಒಂದೂ ಇರುತ್ತಿರಲಿಲ್ಲ. ಈ ಹಿನ್ನೆಲೆ ವಿವರಕ್ಕೆ ಮೆಟಾಡೇಟಾ ಅನ್ನುತ್ತಾರೆ. ಅದನ್ನು ನಾಲ್ಕೂ ಕಡೆ ಒಂದೇ ನಮೂನೆಗೆ ತರುವ ತಲೆನೋವು ನನ್ನದು.

ಕೊರಟಗೆರೆಯ ಹುಲ್ಲು ಮೊಣಕಾಲನ್ನೂ ಮುಟ್ಟುತ್ತಿರಲಿಲ್ಲ. ಅಲ್ಲಿನ ಕಾವಲಿನವರು ಕುರಿ ಒಳಗೆ ಬಿಟ್ಟುಕೊಳ್ಳುತ್ತಾರೆಂದು ಮೇಲಿನವರ ಅನುಮಾನ. ಆ ತಾಕು ಮುಚ್ಚುವ ಮಾತು ನಡೆದಿತ್ತು. ಮುಚ್ಚಿದರೆ ಅವರ ಕೆಲಸ ಹೋಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ನನ್ನನ್ನು ಕಾಡಿದ್ದು ಬೇರೆ: ಮಳೆಯನ್ನೇ ಕಾಣದ ಪಾವಗಡದಲ್ಲಿ ಸೊಂಟದುದ್ದ ಹುಲ್ಲು ಹೇಗೆ?

ಹೋದೆ. ತಾಕು ನೋಡಿಕೊಳ್ಳುವ ಹಿರಿಯರು ತೆಲುಗು ಬೆರೆಸಿಕೊಂಡು ಮಾತಾಡುತ್ತ ಎಲ್ಲ ತೋರಿಸಿದರು. ಹುಲ್ಲಿನ ಬುಡದಲ್ಲಿ ನೋಡಿದರೆ ಕುರಿಹಿಕ್ಕೆ! ಸಿಟ್ಟು ನೆತ್ತಿಗೇರಿತು. ಮೇಯಿಸಿಲ್ಲ ಅಂತ ಬರೆದಿದ್ದೀರಲ್ಲ ಎಂದೆ.

"ಮೇಯ್ಸಿಲ್ಲ ಕಣಮ್ಮ. ಬೇಸ್ಗೇಲಿ ನೆಲ ಬೋಳಾಗಿತ್ತು, ಮಂದೆ ತರುಬ್ಸಿದ್ದೆ ಅಷ್ಟೇ. ಕುರಿ ಬಂದ್ವು, ಮಲಗಿದ್ವು, ಹೋದ್ವು."

ಸುಳ್ಳಲ್ಲ. ಗೊಬ್ಬರ ಬೀಳಲೆಂದು ರಾತ್ರಿ ಹೊಲದಲ್ಲಿ ಕುರಿಮಂದೆ ಕೂಡಿಸುವುದು ಈ ಕಡೆ ನೆಲಕ್ಕೆ ಮಾಡುವ ಉಪಕಾರ. ನಮ್ಮ ನಮೂನೆಯಲ್ಲಿ ಕುರಿ ಮಲಗಿತ್ತೇ ಎಂಬ ಪ್ರಶ್ನೆಯೇ ಇರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

ಆ ಪ್ರಶ್ನೆ ಸೇರಿಸಿ ಉಳಿದವರನ್ನೂ ಕೇಳಿದೆ. ಮಧುಗಿರಿ, ಶಿರಾ ಎರಡೂ ಕಡೆ ಪ್ರತಿ ಬೇಸಿಗೆ ಮಂದೆ ಬಂದಿತ್ತಂತೆ. ಅಂದರೆ ತಾನಾಗಿ ಬೆಳೆದ ಹುಲ್ಲು ಕೊರಟಗೆರೆಯದೊಂದೇ ಇರಬೇಕು! ಖುಷಿಯಿಂದ ಅಲ್ಲಿಯ ಕಾವಲಿನವರಿಗೆ ಫೋನ್ ಮಾಡಿ, ನಿಮ್ಮ ತಾಕಿನಲ್ಲಿ ಯಾವತ್ತೂ ಮಂದೆ ಇಳಿದಿಲ್ಲ ತಾನೇ ಎಂದು ಕೇಳಿದೆ.

"ಯಾವತ್ತೂ ಇಲ್ಲ ಕಣಮ್ಮ," ಎಂದವರು ದನಿ ತಗ್ಗಿಸಿದರು. "ನಿಮ್ಮೋರು ಹುಲ್ಲು ಸಾಲ್ದು, ಮುಚ್ತೀವಿ ಅಂದ್ರಲ್ಲ. ಅದ್ಕೇ ಹೋದ್ ವಾರ ಕುರಿಯೋರ ಕೈಕಾಲ್ ಹಿಡ್ದು ಮಂದೆ ತರುಬ್ಸ್‌ಬುಟ್ಟೆ."

ನನಗೆ ಅಳು ಬಂತು. ಹಳೆಯ ಅಳತೆಗಳೆಲ್ಲ ಸರಿಯಿವೆ, ತಾಕು ಮುಚ್ಚಲು ನಾನು ಬಿಡುವುದಿಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ.

"ಹಿಕ್ಕೆ ಎಲ್ಲಾ ಆಯ್ದಾಕ್‌ಬುಡ್ಲಾ, ಅಮ್ಮ?" ಎಂದರು.