ಸೋಮವಾರ ಹೂಡದ ಎತ್ತು, ಭಾನುವಾರ ಬಿಟ್ಟ ಪಟ್ಟಿ

೧೯೯೬ರ ಬೇಸಿಗೆ. ಸೊರಬ ತಾಲ್ಲೂಕಿನ ಒಂದು ಹಳ್ಳದ ದಂಡೆಯಲ್ಲಿ ನಾವು ಮೂವರು ಕುಳಿತಿದ್ದೆವು: ಅಲ್ಲಿ ಕಟ್ಟುತ್ತಿದ್ದ ಕಿರುಸೇತುವೆಯ ಸಹಾಯಕ ಎಂಜಿನಿಯರ್ ಆಗಿದ್ದ ನಾನು, ಸೊರಬದ ಕಡೆಯ ಮೇಸ್ತ್ರಿ ನಿಂಗಪ್ಪ, ಶಿಕಾರಿಪುರ ಕಡೆಯ ಗಾಡಿ ಬಸಪ್ಪ. ಲಾರಿ ಇಳಿಯದ ಜಾಗ ಅದು. ಮರಳು, ಜಲ್ಲಿ ಎಲ್ಲವೂ ಬಸಪ್ಪನ ಐದು ಎತ್ತಿನ ಗಾಡಿಗಳಲ್ಲೇ ಬರಬೇಕು.

ನಮ್ಮ ಮುಂದೆ ಕಂಪ್ಯೂಟರ್ ಮುದ್ರಿಸಿಕೊಟ್ಟ ಉದ್ದನೆಯ ಕಾಗದ ಹಾಸಿತ್ತು.

"ಏನ್ ಸಾಹೇಬ್ರೆ, ಸೀರೆ ತಂದಂಗೈತಲ್ರೀ!" ಎಂದ ಬಸಪ್ಪ.

ಶಿಕಾರಿಪುರದ ಕಚೇರಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಟೈಮ್‌ಲೈನ್ ಎಂಬ ನೋಟ. ಎಡದಿಂದ ಬಲಕ್ಕೆ ದಿನಗಳು, ಒಂದೊಂದು ಕೆಲಸಕ್ಕೆ ಒಂದೊಂದು ಅಡ್ಡಪಟ್ಟಿ. ಒಂದು ಪಟ್ಟಿ ಜರುಗಿದರೆ ಅದನ್ನು ನೆಚ್ಚಿಕೊಂಡ ಪಟ್ಟಿಗಳೆಲ್ಲ ಅದರ ಹಿಂದೆಯೇ ಜರುಗುತ್ತವೆ. ಕೊನೆಯ ಪಟ್ಟಿ ಸೇತುವೆಯ ಮೇಲ್ಹಾಸಿನದು, ಅಂದರೆ ಸ್ಲ್ಯಾಬಿನದು. ಕಾಂಕ್ರೀಟ್ ಹಾಕಿದ ಮೇಲೆ ಇಪ್ಪತ್ತೊಂದು ದಿನ ಕೆಳಗಿನ ಆಸರೆ ಬಿಚ್ಚುವಂತಿಲ್ಲ. ಅಷ್ಟರೊಳಗೆ ಮೃಗಶಿರಾ ಮಳೆ ಹಿಡಿದರೆ ಆಸರೆಯೂ ಸ್ಲ್ಯಾಬೂ ಹಳ್ಳದ ಪಾಲು. ಬಸಪ್ಪನ ಮಗಳು ಗಿರಿಜಾ ಹಳ್ಳದಾಚೆಯ ಸೋದರಮಾವನ ಮನೆಯಲ್ಲಿ ಹೆರಿಗೆಗೆ ಇದ್ದಳು. ಮಳೆಗಾಲದಲ್ಲಿ ಅಲ್ಲಿಂದ ಆಸ್ಪತ್ರೆಗೆ ಬೇರೆ ದಾರಿಯಿಲ್ಲ.

ಕೈಯಲ್ಲಿ ಹೆಚ್ಚುವರಿಯಾಗಿ ಇದ್ದದ್ದು ನಾಲ್ಕೇ ದಿನ. ಮೂರೇ ವಾರದಲ್ಲಿ ಮೂರು ದಿನ ಕಳೆದಿದ್ದೆವು. ಸೋಮವಾರ ಬಂತೆಂದರೆ ಗಾಡಿಗಳಿಲ್ಲ; ಇನ್ನೆರಡು ಸೋಮವಾರ ಹೀಗೇ ಹೋದರೆ ಕಾಂಕ್ರೀಟಿನ ಗಡುವು ಮೀರುತ್ತಿತ್ತು.

"ತೊಂದರೆಗೆ ಸಿಗುವವಳು ನಿನ್ನ ಮಗಳೇ, ಸೋಮಾರಿತನವೂ ನಿನ್ನದೇನಾ?" ಎಂದು ರೇಗಿದೆ.

ಬಸಪ್ಪನ ಮುಖ ಕೆಂಪಾಯಿತು. "ಸೋಮಾರ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ರೀ. ನಮ್ಮಜ್ಜನೂ ಇಟ್ಟಿಲ್ಲ. ಭಾನುವಾರ ರಜ ಕೊಟ್ಟೀನಿ ಅಂತೀರಲ್ಲ, ನನ್ನ ಎತ್ತುಗಳ್ನ ಒಂದ್ಮಾತು ಕೇಳಿದ್ರೇನು?"

ತಪ್ಪು ನನ್ನದೇ. ತಂತ್ರಾಂಶದ ಕ್ಯಾಲೆಂಡರಿನಲ್ಲಿ ಭಾನುವಾರ ರಜೆಯೆಂದು ಮೊದಲೇ ಇತ್ತು. ನಾನು ಹಾಗೆಯೇ ಬಿಟ್ಟಿದ್ದೆ. ಎತ್ತುಗಳಿಗೆ ಸೋಮವಾರ ಬಿಡುವು ಕೊಡುವ ನಮ್ಮ ಸೀಮೆಯ ನೇಮ ಅದಕ್ಕೇನು ಗೊತ್ತು? ಇಲ್ಲೇ ಹುಟ್ಟಿ ಬೆಳೆದ ನನಗಾದರೂ ನೆನಪಾಗಬೇಕಿತ್ತು.

ನಿಂಗಪ್ಪ ಕಾಗದದ ಮೇಲೆ ಬೆರಳಿಟ್ಟ. "ಕಂಬಿ ಕಟ್ಟಕ್ಕೆ, ಹಲಗೆ ಹೊಡಿಯಕ್ಕೆ ಎತ್ತು ಬೇಕಾ ಸಾರ್? ಸೋಮವಾರ ಅದ್ನೇ ಮಾಡಣ. ಭಾನುವಾರ ಇವ್ನು ಮರಳು ಸುರ್ದು ಹೋಗ್ಲಿ."

ಮರುದಿನವೇ ಶಿಕಾರಿಪುರಕ್ಕೆ ಹೋಗಿ ಎರಡು ಕ್ಯಾಲೆಂಡರ್ ಮಾಡಿದೆ, ಗಾಡಿಗೊಂದು, ಆಳಿಗೊಂದು. ಎಂಟರ್ ಒತ್ತಿದೆ. ಗಡುವಿನ ಅಂಚಿಗೆ ಸರಿದಿದ್ದ ಸ್ಲ್ಯಾಬಿನ ಪಟ್ಟಿ ಸರಸರನೆ ಈಚೆ ಬಂದು ಕೂತಿತು! ಒಬ್ಬನೇ ಕೋಣೆಯಲ್ಲಿ ಚಪ್ಪಾಳೆ ತಟ್ಟಿದೆ.

ಕೆಲಸವೂ ಪಟ್ಟಿಯಂತೆಯೇ ನಡೆಯಿತು. ಬೆಳಿಗ್ಗೆ ಮರಳಿಗೆ ಕಾಯುವುದು ತಪ್ಪಿ ಗಡುವಿಗೆ ಎರಡು ದಿನ ಮೊದಲೇ ಕಾಂಕ್ರೀಟ್ ಬಿತ್ತು. ಆಸರೆ ಬಿಚ್ಚಿದ ದಿನ ನಿಂಗಪ್ಪ ಸ್ಲ್ಯಾಬಿನ ಮೇಲೆ ಕುಣಿದು, "ಬಾರೋ ಬಸಪ್ಪ, ನಿನ್ನ ಎತ್ತಿನ ಭಾರ ನೋಡಣ!" ಎಂದು ಕೂಗಿದ. ಐದೂ ಗಾಡಿಗಳು ಸಾಲಾಗಿ ದಾಟಿದವು.

ಆಮೇಲೆ ಎಷ್ಟೋ ಯೋಜನೆ ಮಾಡಿದೆ. ಪ್ರತಿ ಸಲವೂ ಯಂತ್ರದ ಮುಂದೆ ಕೂರುವ ಮೊದಲು ಕೆಲಸ ಮಾಡುವವರ ವಾರದ ಬಿಡುವು ಯಾವ ದಿನವೆಂದು ಕೇಳಿಕೊಂಡೆ.

ಮೃಗಶಿರಾ ಮಳೆ ಸುರಿದು ಹಳ್ಳ ತುಂಬಿದ ದಿನ ಗಿರಿಜಾಳನ್ನು ಜೀಪಿನಲ್ಲಿ ಸೇತುವೆ ದಾಟಿಸಿ ಸೊರಬದ ಆಸ್ಪತ್ರೆಗೆ ಸೇರಿಸಿದರು. ಹೆಣ್ಣು ಮಗು. ಬಸಪ್ಪ ಸಕ್ಕರೆ ಪೊಟ್ಟಣ ಹಿಡಿದು ನನ್ನ ಮನೆಗೆ ಬಂದ. ಅಂದು ಸೋಮವಾರ, ನಡೆದೇ ಬಂದಿದ್ದ.